ಮರಿಯಾನಾ ದ್ವೀಪಗಳ ಚಮೊರೊ ಜನ: ಮೂಲ, ಮನೆತನ, ಕಟ್ಟುಕಟ್ಟಳೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಚಮೊರೊಗಳು ಯಾರು? ಅವರ ನಾಡು ಎಲ್ಲಿದೆ?

ಪಶ್ಚಿಮ ಪೆಸಿಫಿಕ್‌ನಲ್ಲಿ, ಫಿಲಿಪ್ಪೀನ್ಸ್‌ನಿಂದ ಪೂರ್ವಕ್ಕೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರದಲ್ಲಿ, ದಕ್ಷಿಣದಿಂದ ಉತ್ತರಕ್ಕೆ ಸುಮಾರು 800 ಕಿ.ಮೀ. ಉದ್ದಕ್ಕೆ ಹದಿನೈದು ದ್ವೀಪಗಳ ಸಾಲೊಂದಿದೆ. ಅದೇ ಮರಿಯಾನಾ. ದಕ್ಷಿಣದ ತುದಿಯಲ್ಲಿರುವ ಗ್ವಾಮ್ ಎಲ್ಲಕ್ಕಿಂತ ದೊಡ್ಡದು. ಅದರಿಂದಾಚೆ ರೋಟಾ, ಟಿನಿಯನ್, ಸೈಪಾನ್ ಬರುತ್ತವೆ. ಇನ್ನೂ ಉತ್ತರಕ್ಕೆ ಹೋದರೆ ಸಿಗುವುದು ಜ್ವಾಲಾಮುಖಿಗಳ ಪುಟ್ಟ ದ್ವೀಪಗಳು. ಈ ನಾಡಿನ ಮೂಲನಿವಾಸಿಗಳೇ ಚಮೊರೊಗಳು. ರಾಜಕೀಯವಾಗಿ ಇಂದು ನಾಡು ಎರಡು ಹೋಳಾಗಿದೆ. ಗ್ವಾಮ್ ಅಮೆರಿಕದ ಅಧೀನ ಪ್ರದೇಶ, ಉಳಿದ ದ್ವೀಪಗಳು ಅಮೆರಿಕದ ಜೊತೆಗಿರುವ ಉತ್ತರ ಮರಿಯಾನಾ ಕಾಮನ್‌ವೆಲ್ತ್. ಜನ ಒಂದೇ, ನುಡಿ ಒಂದೇ. 1898ರ ಯುದ್ಧದಲ್ಲಿ ಸ್ಪೇನ್ ಸೋತು ಗ್ವಾಮನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು, ಮರುವರ್ಷ ಉಳಿದವನ್ನು ಜರ್ಮನಿಗೆ ಮಾರಿತು. ಈ ಗಡಿ ಹುಟ್ಟಿದ್ದು ಹಾಗೆ.

ಅವರು ಎಲ್ಲಿಂದ, ಯಾವಾಗ ಬಂದರು?

ಸುಮಾರು 3,500 ವರ್ಷಗಳ ಹಿಂದೆ, ದ್ವೀಪಮಯ ಆಗ್ನೇಯ ಏಷ್ಯಾದಿಂದ, ಬಹುಮಟ್ಟಿಗೆ ಫಿಲಿಪ್ಪೀನ್ಸ್ ಕಡೆಯಿಂದ ದೋಣಿಗಳಲ್ಲಿ ಬಂದರು. ನಡುವೆ ದಡ ಕಾಣದ ಎರಡು ಸಾವಿರ ಕಿ.ಮೀ. ಕಡಲು. ಆ ಕಾಲಕ್ಕೆ ಮನುಷ್ಯರು ಅಷ್ಟು ದೂರದ ತೆರೆದ ಸಮುದ್ರವನ್ನು ದಾಟಿ ನೆಲೆಸಿದ ಬೇರೆ ಉದಾಹರಣೆ ತಿಳಿದಿಲ್ಲ. ಹವಾಯಿಗೆ ಜನ ಬಂದದ್ದು ಇದಾಗಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಅದಕ್ಕೆ ಆಧಾರವೇನು?

ಮೊದಲನೆಯದು ಮಡಕೆ. ಸೈಪಾನಿನ ಬಾಪೋಟ್, ಟಿನಿಯನ್ನಿನ ಚುಲು, ಗ್ವಾಮ್‌ನ ರಿಟಿಡಿಯನ್ ಮುಂತಾದ ಕಡೆ ಅತಿ ಕೆಳಗಿನ ಪದರದಲ್ಲಿ ತೆಳುವಾದ, ಕೆಂಪು ಲೇಪದ ಮಡಕೆ ಚೂರುಗಳು ಸಿಗುತ್ತವೆ. ಕೆಲವದರ ಮೇಲೆ ಚುಕ್ಕಿ ಮತ್ತು ಪುಟ್ಟ ವೃತ್ತಗಳನ್ನು ಒತ್ತಿ, ಆ ಗುಳಿಗಳಿಗೆ ಬಿಳಿ ಸುಣ್ಣ ತುಂಬಿದ್ದಾರೆ. ಫಿಲಿಪ್ಪೀನ್ಸ್‌ನ ಲುಝಾನ್ ದ್ವೀಪದ ಕಗಾಯನ್ ಕಣಿವೆಯಲ್ಲೂ ಇದೇ ಬಗೆಯ ಅಲಂಕಾರ ಸಿಕ್ಕಿದೆ.

ಈ ಪದರಗಳನ್ನು ಇಂದಿನ ಕಡಲಂಚಿನಲ್ಲಿ ಅಗೆದರೆ ಏನೂ ಸಿಗುವುದಿಲ್ಲ. ಮೊದಲ ವಲಸಿಗರು ಬಂದಾಗ ಸಮುದ್ರಮಟ್ಟ ಈಗಿಗಿಂತ ಒಂದೂವರೆ ಮೀಟರಿಗೂ ಮೇಲಿತ್ತು. ಆಗಿನ ತೀರ ಇಂದು ಒಳನಾಡಿನಲ್ಲಿ, ಮರಳಿನಡಿ ಹೂತುಹೋಗಿದೆ.

ಎರಡನೆಯದು ನುಡಿ. ಚಮೊರೊ ಆಸ್ಟ್ರೋನೇಷ್ಯನ್ ಕುಟುಂಬದ್ದು. ಹಳೆಯ ಎಣಿಕೆ ಹೀಗಿತ್ತು: ಹಾಚಾ, ಹುಗ್ವಾ, ತುಲು, ಫತ್‌ಫತ್, ಲಿಮಾ, ಗುನುಮ್, ಫಿತಿ, ಗ್ವಾಲು, ಸಿಗ್ವಾ, ಮಾನೊತ್. ಐದಕ್ಕೆ ‘ಲಿಮಾ’ ಎನ್ನುವುದು ಫಿಲಿಪ್ಪೀನ್ಸ್‌ನಿಂದ ಹವಾಯಿಯ ತನಕ ಹಬ್ಬಿದೆ. ಸ್ಪೇನಿನ ಆಳ್ವಿಕೆಯಲ್ಲಿ ಈ ಎಣಿಕೆ ಬಳಕೆ ತಪ್ಪಿತು. ಈಗ ಎಣಿಸುವುದು ಉನು, ದೋಸ್, ತ್ರೆಸ್ ಎಂದು.

ಮೂರನೆಯದು ವಂಶವಾಹಿ. ರಿಟಿಡಿಯನ್‌ನಲ್ಲಿ ಸಿಕ್ಕ, ಸುಮಾರು 2,200 ವರ್ಷ ಹಳೆಯ ಇಬ್ಬರ ಎಲುಬುಗಳ ಡಿಎನ್‌ಎ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದೂ ಬೆರಳು ತೋರಿಸುವುದು ಫಿಲಿಪ್ಪೀನ್ಸ್ ಕಡೆಗೇ.

ಹಾಗಾದರೆ ಅವರು ಪಾಲಿನೇಷ್ಯನ್ನರೇ?

ಅಲ್ಲ. ಹವಾಯಿ, ಸಮೋವಾ, ಫಿಜಿ ನುಡಿಗಳು ಆಸ್ಟ್ರೋನೇಷ್ಯನ್ ಕುಟುಂಬದ ಓಷಿಯಾನಿಕ್ ಕವಲಿಗೆ ಸೇರುತ್ತವೆ. ಚಮೊರೊ ಮತ್ತು ಪಲಾವು ನುಡಿಗಳು ಆ ಕವಲಿನಿಂದ ಹೊರಗೆ ನಿಲ್ಲುತ್ತವೆ. ಪ್ರವಾಸಿಗಳಿಗಾಗಿ ನಡೆಯುವ ಹುಲ್ಲುಲಂಗದ ಕುಣಿತ ನೋಡಿ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ತಮ್ಮ ಹುಟ್ಟಿನ ಬಗ್ಗೆ ಅವರೇ ಏನು ಹೇಳುತ್ತಾರೆ?

ಪುಂತಾನ್ ಮತ್ತು ಫುಉನಾ ಅಣ್ಣತಂಗಿಯರು. ಪುಂತಾನ್ ಸಾಯುವ ಮುನ್ನ ತನ್ನ ದೇಹದಿಂದ ಲೋಕವನ್ನು ಮಾಡೆಂದು ತಂಗಿಗೆ ಹೇಳಿದ. ಆಕೆ ಅವನ ಕಣ್ಣುಗಳಿಂದ ಸೂರ್ಯಚಂದ್ರರನ್ನು, ಹುಬ್ಬಿನಿಂದ ಕಾಮನಬಿಲ್ಲನ್ನು, ಎದೆಯಿಂದ ಆಕಾಶವನ್ನು, ಬೆನ್ನಿನಿಂದ ನೆಲವನ್ನು ಮಾಡಿದಳು. ಆಮೇಲೆ ತಾನೇ ಬಂಡೆಯಾದಳು, ಆ ಬಂಡೆಯಿಂದ ಮನುಷ್ಯರು ಹುಟ್ಟಿದರು. ದಕ್ಷಿಣ ಗ್ವಾಮ್‌ನ ಹುಮಾಟಕ್ ಊರಿನ ಪಕ್ಕ, ಫೌಹಾ ಕೊಲ್ಲಿಯಲ್ಲಿ ಆ ಬಂಡೆ ಇಂದಿಗೂ ನಿಂತಿದೆ. ದೇಹ ಅಣ್ಣನದು, ಶಕ್ತಿ ತಂಗಿಯದು. ಅಣ್ಣತಂಗಿಯರ ಈ ಜೋಡಿ ಅವರ ಸಮಾಜದ ಕಟ್ಟಿನಲ್ಲೂ ಹಾಗೆಯೇ ಕಾಣುತ್ತದೆ.

ಮನೆತನ ಹೆಣ್ಣಿನ ಕಡೆಯಿಂದ ಸಾಗುತ್ತಿತ್ತು ಎನ್ನುತ್ತಾರೆ. ಅಂದರೆ ಹೆಂಗಸರ ರಾಜ್ಯವೇ?

ಹೆಂಗಸರ ರಾಜ್ಯವಲ್ಲ, ತಾಯಿಯ ಕಡೆಯ ಕುಲ. ಮಗು ತಾಯಿಯ ಕುಲಕ್ಕೆ ಸೇರುತ್ತಿತ್ತು. ಭೂಮಿಯ ಒಡೆತನ ಕುಲದ್ದು, ಒಬ್ಬೊಬ್ಬರದಲ್ಲ. ಕುಲಕ್ಕೆ ಇಬ್ಬರು ಮುಖ್ಯಸ್ಥರು: ಹಿರಿಯ ಹೆಣ್ಣು ಮಗಹಾಗ, ಹಿರಿಯ ಗಂಡು ಮಗಲಾಹಿ. ಇವರು ಗಂಡಹೆಂಡಿರಲ್ಲ. ಸಾಮಾನ್ಯವಾಗಿ ಅಣ್ಣತಂಗಿ ಅಥವಾ ಅಕ್ಕತಮ್ಮ, ಇಲ್ಲವೇ ಸೋದರಮಾವ ಮತ್ತು ಸೊಸೆ. ಮಗಲಾಹಿ ತೀರಿಕೊಂಡರೆ ಪಟ್ಟ ಅವನ ಮಗನಿಗೆ ಹೋಗುತ್ತಿರಲಿಲ್ಲ, ತಮ್ಮನಿಗೋ ಅಕ್ಕತಂಗಿಯರ ಮಗನಿಗೋ ಹೋಗುತ್ತಿತ್ತು. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮದುವೆಯಲ್ಲಿ ತೂಕ ಯಾವ ಕಡೆ ಇತ್ತೆಂಬುದು ಜಗಳ ಬಂದಾಗ ತಿಳಿಯುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಸ್ಪೇನಿನವರೊಡನೆ ಬಂದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾರೆ. ಗಂಡ ದಾರಿ ತಪ್ಪಿದ್ದು ಗೊತ್ತಾದರೆ ಹೆಂಡತಿ ಊರಿನ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದಳು. ಅವರು ತಮ್ಮ ಗಂಡಂದಿರ ಟೊಪ್ಪಿ ಹಾಕಿಕೊಂಡು, ಈಟಿ ಹಿಡಿದು ಗುಂಪಾಗಿ ಹೊರಟು, ಅವನ ಬೆಳೆಯನ್ನು ಕಿತ್ತು, ಮನೆಯ ಮೇಲೆ ಬೀಳುತ್ತಿದ್ದರು. ಹೆಂಡತಿ ತವರಿಗೆ ಹೋಗಲು ನಿಶ್ಚಯಿಸಿದರೆ ಮಕ್ಕಳು, ಸಾಮಾನು ಎಲ್ಲವೂ ಅವಳ ಹಿಂದೆಯೇ. ಆಕೆ ಮತ್ತೊಬ್ಬನನ್ನು ಕಟ್ಟಿಕೊಂಡರೆ ಮಕ್ಕಳು ಅವನನ್ನೇ ಅಪ್ಪ ಎಂದು ಕಾಣುತ್ತಿದ್ದರು. ಹೆಂಡತಿಯೇ ತಪ್ಪಿದರೆ ಗಂಡ ಆಕೆಯ ಪ್ರಿಯಕರನನ್ನು ಕೊಲ್ಲಬಹುದಿತ್ತು, ಆಕೆಯ ಮೈಮುಟ್ಟುವಂತಿರಲಿಲ್ಲ.

ಸಮುದ್ರ, ದೋಣಿ, ಯುದ್ಧ ಗಂಡಸರ ಕೆಲಸ. ಬುಟ್ಟಿ, ಚಾಪೆ, ದಂಡೆಯ ಸಣ್ಣ ಮೀನುಗಾರಿಕೆ ಹೆಂಗಸರದು. ಆದರೆ ಕುಲದ ಆಸ್ತಿಯ ಹಂಚಿಕೆಯಲ್ಲಿ, ಮದುವೆ ಕುದುರಿಸುವುದರಲ್ಲಿ, ಯಾರಿಗೆ ಯಾರು ಏನು ಕೊಡಬೇಕೆಂಬ ಲೆಕ್ಕದಲ್ಲಿ ಹೆಂಗಸರ ಮಾತೇ ಕೊನೆಯ ಮಾತು.

ಮೇಲುಕೀಳು ಇರಲಿಲ್ಲವೇ?

ಇತ್ತು, ಕಟುವಾಗಿಯೇ ಇತ್ತು. ಇದನ್ನು ಮುಚ್ಚಿಟ್ಟು ಹಳೆಯ ಕಾಲವನ್ನು ಬರೀ ಸಮಾನತೆಯ ಕಾಲ ಎಂದು ಚಿತ್ರಿಸುವುದು ಸರಿಯಲ್ಲ. ಎಲ್ಲರಿಗಿಂತ ಮೇಲೆ ಮತಾವ್. ಅವರ ಸಂಬಂಧಿಕರೂ ಸಹಾಯಕರೂ ಆದ ಅಚಾಓಟ್ ನಡುವೆ. ಕೆಳಗೆ ಮನಾಚಾಂಗ್.

ಮನಾಚಾಂಗ್‌ಗಳು ಕಡಲಿಗಿಳಿಯುವಂತಿರಲಿಲ್ಲ, ದೋಣಿ ಕಟ್ಟುವಂತಿರಲಿಲ್ಲ, ಯುದ್ಧಕ್ಕೆ ಹೋಗುವಂತಿರಲಿಲ್ಲ. ಹೊಳೆಯ ಹಾವುಮೀನನ್ನು ಮಾತ್ರ, ಅದೂ ಬರಿಗೈಯಲ್ಲಿ ಹಿಡಿಯಬಹುದಿತ್ತು. ಮತಾವ್ ಎದುರಾದರೆ ಬಾಗಿ ಕುಗ್ಗಿ ಸಾಗಬೇಕು. ಮೇಲಿನವರೊಡನೆ ಮದುವೆ ನಿಷಿದ್ಧ. ದ್ವೀಪದಲ್ಲಿ ಒಳ್ಳೆಯ ಆಹಾರವೆಲ್ಲ ಸಮುದ್ರದಿಂದ ಬರುತ್ತಿದ್ದುದರಿಂದ, ಸಮುದ್ರವನ್ನು ಮುಚ್ಚಿದರೆ ಮನುಷ್ಯನನ್ನು ಕಟ್ಟಿಹಾಕಿದ ಹಾಗೆಯೇ ಲೆಕ್ಕ. ಮುಂದೆ ಪಾದ್ರಿಗಳು ಎಲ್ಲರಿಗೂ ಒಂದೇ ಜ್ಞಾನಸ್ನಾನ ಎಂದಾಗ ಮತಾವ್‌ಗಳಲ್ಲಿ ಹಲವರು ತಕರಾರು ಎತ್ತಿದ್ದಕ್ಕೆ ಈ ಹಿನ್ನೆಲೆಯೂ ಇದೆ.

ಉರಿತಾವ್ ಮನೆ ಎಂದರೇನು?

ಮದುವೆಯಾಗದ ಹುಡುಗರು, ಅಂದರೆ ಉರಿತಾವ್‌ಗಳು ಸೇರಿ ಇರುತ್ತಿದ್ದ ದೊಡ್ಡ ಮನೆ. ದೋಣಿ ಕಟ್ಟುವುದು, ನಕ್ಷತ್ರ ನೋಡಿ ದಾರಿ ಹಿಡಿಯುವುದು, ಬಲೆ ನೇಯುವುದು, ಕವಣೆ ಬೀಸುವುದು, ಎಲ್ಲವನ್ನೂ ಸೋದರಮಾವಂದಿರು ಅಲ್ಲಿ ಕಲಿಸುತ್ತಿದ್ದರು. ಅರಿಸಿನದ ಬಣ್ಣ ಹಚ್ಚಿದ, ಕೆತ್ತನೆಯ ಕೋಲು ಅವರ ಗುರುತು. ಕೆಲವು ಹೆಣ್ಣುಮಕ್ಕಳೂ ತಮ್ಮ ಮನೆಯವರ ಒಪ್ಪಿಗೆಯಿಂದ ಅಲ್ಲಿರುತ್ತಿದ್ದರು. ಅದರಿಂದ ಅವರ ಮರ್ಯಾದೆಗೇನೂ ಕುಂದಿರಲಿಲ್ಲ, ಮದುವೆಗೂ ಅಡ್ಡಿಯಾಗುತ್ತಿರಲಿಲ್ಲ. ಪಾದ್ರಿಗಳಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ಇದೇ. ಈ ಮನೆಗಳನ್ನು ಸುಟ್ಟುಹಾಕಿದರು. ಹುಡುಗಿಯರ ವಿಷಯವನ್ನು ಮಾತ್ರ ನೋಡಿ ಸುಟ್ಟದ್ದರಿಂದ ಕಡಲ ವಿದ್ಯೆಯ ಶಾಲೆಯೇ ಬೂದಿಯಾಯಿತು.

ಲಾಟೆ ಕಲ್ಲುಗಳೆಂದರೆ ಏನು? ಅವನ್ನು ಹೇಗೆ ಮಾಡುತ್ತಿದ್ದರು?

ಮರಿಯಾನಾ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಕಟ್ಟಡವಿದು. ಸುಮಾರು ಕ್ರಿ.ಶ. 1000ದ ಆಸುಪಾಸಿನಿಂದ 1700ರವರೆಗೆ ಕಟ್ಟಿದರು. ಒಂದು ಲಾಟೆಗೆ ಎರಡು ಭಾಗ. ನಿಂತಿರುವ ಕಂಬ ಹಲಿಗಿ: ಬುಡ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಅದರ ತಲೆಯ ಮೇಲೆ ಕೂರುವುದು ತಾಸಾ: ಅರ್ಧಗೋಳದ ಆಕಾರ, ಚಪ್ಪಟೆ ಮುಖ ಮೇಲಕ್ಕೆ. ಎರಡು ಸಮಾನಾಂತರ ಸಾಲಿನಲ್ಲಿ ಇಂಥ ಜೋಡಿಗಳನ್ನು ನಿಲ್ಲಿಸುತ್ತಿದ್ದರು. ಒಂದು ಮನೆಗೆ ಆರರಿಂದ ಹದಿನಾಲ್ಕು ಕಂಬ, ಹೆಚ್ಚಾಗಿ ಎಂಟು. ಸಾಲುಗಳು ಸಾಮಾನ್ಯವಾಗಿ ಕಡಲತೀರಕ್ಕೋ ಹೊಳೆಯ ದಂಡೆಗೋ ಸಮಾನಾಂತರ. ಕಂಬಗಳ ಮೇಲೆ ಮರದ ತೊಲೆ, ಅದರ ಮೇಲೆ ನೆಲಹಾಸು, ಕಡಿದಾದ ಸೋಗೆ ಮಾಡು.

ಕೆಲಸದ ಕ್ರಮ ಗಣಿಗಳಲ್ಲಿ ಉಳಿದ ಗುರುತುಗಳಿಂದ ತಿಳಿಯುತ್ತದೆ. ಕಬ್ಬಿಣ ಇರಲಿಲ್ಲ. ಕಲ್ಲಿನ ಮತ್ತು ಚಿಪ್ಪಿನ ಬಾಚಿಗಳಿಂದ ಸುಣ್ಣಕಲ್ಲಿನ ಹಾಸಿನಲ್ಲಿ ಬೇಕಾದ ಆಕಾರದ ಸುತ್ತ ಕಾಲುವೆ ತೋಡುತ್ತಿದ್ದರು. ಕಲ್ಲು ಗಟ್ಟಿಯಿದ್ದರೆ ಕಾಲುವೆಯಲ್ಲಿ ಬೆಂಕಿ ಹಾಕುತ್ತಿದ್ದರು. ಸುಟ್ಟ ಸುಣ್ಣಕಲ್ಲು ಪುಡಿಪುಡಿಯಾಗಿ ಕೆರೆಯಲು ಬರುತ್ತದೆ. ಮೂರು ಕಡೆ ಬಿಡಿಸಿದ ಮೇಲೆ ತಳವನ್ನು ಕೊರೆದು, ಸನ್ನೆ ಹಾಕಿ ಎಬ್ಬಿಸಿ, ಹಗ್ಗ ಮತ್ತು ದಿಮ್ಮಿಗಳ ಮೇಲೆ ಎಳೆದೊಯ್ಯಬೇಕು. ತಾಸಾಕ್ಕೆ ಎಷ್ಟೋ ಕಡೆ ಗಣಿಯೇ ಬೇಕಿರಲಿಲ್ಲ, ಕಡಲಿನ ಹವಳದಿಬ್ಬದಿಂದ ಸಹಜವಾಗಿ ಗುಂಡಗಿದ್ದ ಹವಳದ ಗಡ್ಡೆಯನ್ನೇ ಕಿತ್ತು ತರುತ್ತಿದ್ದರು. ಹಲಿಗಿಯನ್ನು ಆಳವಾಗಿ ಹೂಳುತ್ತಿರಲಿಲ್ಲ. ತಾಸಾವನ್ನು ಗಾರೆಯಿಂದಾಗಲಿ ಗೂಟದಿಂದಾಗಲಿ ಕೂಡಿಸುತ್ತಿರಲಿಲ್ಲ, ಭಾರವೇ ಅದನ್ನು ಹಿಡಿದಿಡಬೇಕು. ಸೈಕ್ಲೋನಿನಂತೆಯೇ ಬೀಸುವ ಟೈಫೂನ್‌ಗೆ ಮೇಲಿನ ಸೋಗೆ ಹಾರಿಹೋದರೂ ಅಡಿಪಾಯ ಉಳಿಯುತ್ತಿತ್ತು. ಭಾರೀ ಭೂಕಂಪಕ್ಕೆ ಮಾತ್ರ ಎತ್ತರದ ಕಂಬಗಳು ನಿಲ್ಲುತ್ತಿರಲಿಲ್ಲ.

ಟಿನಿಯನ್ನಿನ ಟಗಾ ಮನೆಯಲ್ಲಿ ಇಂಥ ಹನ್ನೆರಡು ಕಂಬಗಳಿದ್ದವು, ಎತ್ತರ ಸುಮಾರು ನಾಲ್ಕೂವರೆ ಮೀಟರ್. ಇಂದು ನಿಂತಿರುವುದು ಒಂದೇ, ಉಳಿದವು ಬಿದ್ದಿವೆ. ಅದಕ್ಕಿಂತ ದೊಡ್ಡವನ್ನು ರೋಟಾದ ಆಸ್ ನಿಯೆವೆಸ್ ಗಣಿಯಲ್ಲಿ ಕೆತ್ತತೊಡಗಿದ್ದರು. ಅವು ಅರ್ಧ ಬಿಡಿಸಿದ ಸ್ಥಿತಿಯಲ್ಲಿ ಗುಂಡಿಗಳೊಳಗೇ ಮಲಗಿವೆ. ಕಂಬದ ಸುತ್ತ ಒಬ್ಬ ಮನುಷ್ಯ ಇಳಿದು ನಿಂತು ಬಾಚಿ ಬೀಸುವಷ್ಟೇ ಅಗಲದ ಕಾಲುವೆ, ಕೆಳಗೆ ಇನ್ನೂ ಬಂಡೆಗೆ ಅಂಟಿಕೊಂಡಿರುವ ಬೆನ್ನು. ಕೆಲಸ ಎಲ್ಲಿ ನಿಂತಿತೋ ಅಲ್ಲಿಗೇ ನಿಂತಿದೆ.

ಲಾಟೆಯೆಲ್ಲ ಅರಮನೆಯೋ ಗುಡಿಯೋ ಆಗಿತ್ತೆಂದು ತಿಳಿಯಬೇಡಿ. ಹೆಚ್ಚಿನವು ಸೊಂಟದಿಂದ ತಲೆಯ ಎತ್ತರದವರೆಗಿನ ಸಾಧಾರಣ ಕಂಬಗಳು. ಸುತ್ತ ಮಡಕೆ ಚೂರು, ಬೆಂಕಿಯಲ್ಲಿ ಒಡೆದ ಒಲೆಗಲ್ಲು, ಬಂಡೆಯಲ್ಲೇ ತೋಡಿದ ಒರಳು ಸಿಗುತ್ತವೆ. ಅಂದರೆ ಜನ ಅಲ್ಲಿ ಬದುಕುತ್ತಿದ್ದರು.

ಏನು ತಿನ್ನುತ್ತಿದ್ದರು?

ಕೆಸವು, ಹೆಗ್ಗೆಣಸು, ತೆಂಗು, ಬಾಳೆ, ಮೀನು, ಆಮೆ, ಏಡಿ, ಬಾವಲಿ. ಹಂದಿ, ನಾಯಿ, ದನ ಇರಲಿಲ್ಲ, ಅವು ಸ್ಪೇನಿನವರೊಡನೆ ಬಂದವು.

ಮುಖ್ಯ ಆಹಾರ ಜೀಗುಜ್ಜೆ, ನಮ್ಮಲ್ಲಿ ಕೆಲವು ಕಡೆ ದೀವಿಹಲಸು ಎನ್ನುವುದು. ಅವರ ಮಾತಿನಲ್ಲಿ ಲೆಮಾಯ್. 1686ರಲ್ಲಿ ಗ್ವಾಮ್‌ಗೆ ಬಂದ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ವಿವರಿಸಿದಂತೆ, ವರ್ಷಕ್ಕೆ ಎಂಟು ತಿಂಗಳು ಕಾಯಿ ಸಿಗುತ್ತಿತ್ತು. ಬಲಿತ, ಆದರೆ ಹಸಿರಾಗಿರುವಾಗಲೇ ಕೊಯ್ದು, ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಕರಕನ್ನು ಹೆರೆದು ತಿನ್ನಬೇಕು. ಒಂದು ದಿನ ಕಳೆದರೆ ಗಡುಸಾಗುತ್ತದೆ. ಕಾಯಿ ಇಲ್ಲದ ತಿಂಗಳುಗಳಿಗೆಂದು ತೆಳ್ಳಗೆ ಹೆಚ್ಚಿ ಒಣಗಿಸಿ ಇಡುತ್ತಿದ್ದರು.

ಅಕ್ಕಿಯ ವಿಷಯ ವಿಶೇಷ. ಯುರೋಪಿನವರು ಬರುವ ಮೊದಲೇ ಭತ್ತ ಬೆಳೆಯುತ್ತಿದ್ದ ದೂರಪೆಸಿಫಿಕ್ ದ್ವೀಪಗಳೆಂದರೆ ಮರಿಯಾನಾ ಮಾತ್ರ. ದಿನನಿತ್ಯದ ಊಟಕ್ಕಲ್ಲ, ಮದುವೆ, ಸಾವು ಮುಂತಾದ ಸಂದರ್ಭಕ್ಕೆ ಮತ್ತು ಕಾಯಿಲೆಯವರಿಗೆ. 1565ರಲ್ಲಿ ಬಂದ ಸ್ಪೇನಿನ ದಂಡನಾಯಕ ಲೆಗಾಸ್ಪಿಯ ಹಡಗುಗಳು ಮೊಳೆ ಕೊಟ್ಟು ಅಕ್ಕಿ ಕೊಂಡವು.

ಟೈಫೂನ್ ಎಲ್ಲವನ್ನೂ ಹೊಡೆದುಹಾಕಿದಾಗ ಉಳಿಯುತ್ತಿದ್ದುದು ನೆಲದೊಳಗಿನ ಗೆಣಸು ಮತ್ತು ಫಾದಾಂಗ್ ಎಂಬ ಸೈಕಸ್ ಗಿಡದ ಬೀಜ. ಫಾದಾಂಗ್ ವಿಷ. ಸಿಪ್ಪೆ ಒಡೆದು, ತಿರುಳನ್ನು ಹೋಳು ಮಾಡಿ, ಸಿಹಿನೀರಿನಲ್ಲಿ ನೆನೆಹಾಕಿ, ಆ ನೀರನ್ನು ಮತ್ತೆ ಮತ್ತೆ ಚೆಲ್ಲಿ ಹೊಸ ನೀರು ಹಾಕುತ್ತ ಹಲವು ದಿನ ಬಿಟ್ಟು, ಬಿಸಿಲಿಗೆ ಒಣಗಿಸಿ, ಬೀಸಿ ಹಿಟ್ಟು ಮಾಡಿ ರೊಟ್ಟಿ ತಟ್ಟುತ್ತಿದ್ದರು. ಚೆಲ್ಲಿದ ನೀರು ಕುಡಿದ ಕೋಳಿ ಸಾಯುತ್ತದೆ. ಹೋಳು ದಪ್ಪವಾಗಿದ್ದರೆ ಅಥವಾ ನೀರು ಬದಲಿಸುವುದರಲ್ಲಿ ಅವಸರ ಮಾಡಿದರೆ ವಿಷ ಒಳಗೇ ಉಳಿಯುತ್ತದೆ. ಗ್ವಾಮ್‌ನಲ್ಲಿ ಲಿಟಿಕೊ ಬೋಡಿಗ್ ಎಂದು ಕರೆಯುವ ನರರೋಗಕ್ಕೂ ಈ ಬೀಜಕ್ಕೂ ಸಂಬಂಧವಿದೆಯೆಂಬ ವಾದ ದಶಕಗಳಿಂದ ನಡೆಯುತ್ತಿದೆ, ತೀರ್ಮಾನವಾಗಿಲ್ಲ. ಇದನ್ನು ಯಾರೂ ಮನೆಯಲ್ಲಿ ಪ್ರಯೋಗ ಮಾಡಬಾರದು. ಅಂದಹಾಗೆ, 2003ರಲ್ಲಿ ಗ್ವಾಮ್‌ಗೆ ಹೊಕ್ಕ ಶಲ್ಕಕೀಟವೊಂದು ಅಲ್ಲಿನ ಫಾದಾಂಗ್ ಕಾಡನ್ನು ಬಹುಪಾಲು ನಾಶಮಾಡಿದೆ.

ಪೊಯೊ ಮೀನುಗಾರಿಕೆ ಎಂದರೇನು?

ಮೀನನ್ನು ಬೆನ್ನಟ್ಟುವ ಬದಲು ಪಳಗಿಸಿ ಕರೆತರುವ ವಿದ್ಯೆ. ಮುಷ್ಟಿಗಿಂತ ದೊಡ್ಡ, ಅರ್ಧಗೋಳದ ಕಲ್ಲಿಗೆ ಮೇಲೆ ತೂತು ಕೊರೆದು, ಅದರ ಮೇಲೆ ಅರ್ಧ ತೆಂಗಿನ ಗೆರಟೆಯನ್ನು ಮುಚ್ಚಳದಂತೆ ಕಟ್ಟುತ್ತಾರೆ. ಒಳಗೆ ಅಗಿದ ತೆಂಗಿನಕಾಯಿ. ಗೆರಟೆಯ ಬಾಯಲ್ಲಿ ಸಣ್ಣ ಸಂದಿ. ಹಗ್ಗದಿಂದ ಆಳಕ್ಕಿಳಿಸಿ ಮೆಲ್ಲಗೆ ಅಲುಗಿಸಿದರೆ ಕಾಯಿತುರಿ ಸ್ವಲ್ಪಸ್ವಲ್ಪವೇ ಹೊರಬಂದು ಆಚುಮನ್ ಎಂಬ ಬಂಗುಡೆಯಂಥ ಮೀನುಗಳ ಹಿಂಡು ಸೇರುತ್ತದೆ.

ಮೊದಲ ದಿನ ಹಿಡಿಯುವುದೇ ಇಲ್ಲ, ಉಣಿಸುವುದಷ್ಟೇ. ಮರುದಿನ ಅದೇ ಜಾಗ, ಅದೇ ಹೊತ್ತು, ಹಗ್ಗ ಮಾತ್ರ ತುಸು ಮೋಟು. ಹೀಗೆ ದಿನದಿನಕ್ಕೆ ಕಲ್ಲನ್ನು ಮೇಲೆ ತರುತ್ತ ಹೋದರೆ ಹಿಂಡೂ ಮೇಲೆ ಬರುತ್ತದೆ. ನೀರಿನ ಮೇಲ್ಮಟ್ಟಕ್ಕೆ ಬಂದ ಮೇಲೆ ಬಲೆಯಿಂದ ಮೊಗೆಯುತ್ತಾರೆ. ಹಗ್ಗವನ್ನು ಒಮ್ಮೆಲೇ ಬಹಳ ಎಳೆದರೆ ಹಿಂಡು ಚದುರುತ್ತದೆ. ನಡುವೆ ದಿನ ತಪ್ಪಿದರೂ ಕೆಡುತ್ತದೆ. ಇಂದು ವಸ್ತುಸಂಗ್ರಹಾಲಯಗಳಲ್ಲಿ ಪೊಯೊ ಕಲ್ಲು ನೋಡಿದರೆ ಗುಂಡಿನಂತೆ ಕಾಣುತ್ತದೆ. ಅದರ ಅಂಚಿನ ತೂತುಗಳನ್ನು ನೋಡಿದರೆ ಗೆರಟೆ ಎಲ್ಲಿ ಕೂರುತ್ತಿತ್ತೆಂದು ಗೊತ್ತಾಗುತ್ತದೆ.

ಅವರ ದೋಣಿಗಳು ಅಷ್ಟು ವೇಗವಾಗಿ ಓಡಲು ಕಾರಣವೇನು?

ದೊಡ್ಡ ಹಾಯಿದೋಣಿಯ ಹೆಸರು ಸಾಕ್ಮನ್. ಒಡಲಿನ ಒಂದು ಪಕ್ಕ ಉಬ್ಬು, ಇನ್ನೊಂದು ಪಕ್ಕ ಹೆಚ್ಚುಕಡಿಮೆ ಚಪ್ಪಟೆ. ಒಂದೇ ಬದಿಗೆ ಅಡ್ಡಗಳುಗಳಿಂದ ಕಟ್ಟಿದ ತೇಲುತೊಲೆ, ಅದು ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕು. ಮುಂಡುಗದ ಎಲೆಯಿಂದ ನೇಯ್ದ ಮುಕ್ಕೋನ ಹಾಯಿ. ದಿಕ್ಕು ಬದಲಿಸಬೇಕಾದರೆ ದೋಣಿಯನ್ನು ತಿರುಗಿಸುವುದಿಲ್ಲ, ಹಾಯಿಯ ಮೂಲೆಯನ್ನು ಇನ್ನೊಂದು ತುದಿಗೆ ಒಯ್ದು ಕಟ್ಟುತ್ತಾರೆ. ಹಿಂಭಾಗ ಮುಂಭಾಗವಾಗುತ್ತದೆ. ಈ ಹೊತ್ತಿನಲ್ಲಿ ಗಾಳಿ ತಪ್ಪು ಕಡೆಯಿಂದ ಹಾಯಿಗೆ ಬಡಿದರೆ ದೋಣಿ ಮಗುಚುತ್ತದೆ. ಹಲಗೆಗಳ ಸಂದಿಗೆ ಸುಣ್ಣ ಮತ್ತು ತೆಂಗಿನೆಣ್ಣೆ ಕಲಸಿ ಮೆತ್ತುತ್ತಿದ್ದರು. 1742ರಲ್ಲಿ ಟಿನಿಯನ್ನಿನಲ್ಲಿ ತಂಗಿದ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ಆನ್ಸನ್‌ನ ತಂಡ ಗಂಟೆಗೆ ಇಪ್ಪತ್ತು ಮೈಲಿಯ ಹತ್ತಿರದ ವೇಗ ಅಂದಾಜಿಸಿ, ಅಳತೆಯ ನಕ್ಷೆಯನ್ನೂ ಬರೆದುಕೊಂಡಿತು. ಅದೇ ನಕ್ಷೆಯ ಆಧಾರದ ಮೇಲೆ ಚಮೊರೊಗಳು ಈಗ ಮತ್ತೆ ಸಾಕ್ಮನ್ ಕಟ್ಟುತ್ತಿದ್ದಾರೆ.

ಎಲೆಅಡಿಕೆ ಅಲ್ಲೂ ಇದೆಯೇ?

ಇದೆ, ಬಹಳ ಹಿಂದಿನಿಂದಲೂ ಇದೆ. ಅಡಿಕೆಗೆ ಪುಗ್ವಾ, ವೀಳ್ಯದೆಲೆಗೆ ಪುಪುಲು, ಸುಣ್ಣಕ್ಕೆ ಆಫೊಕ್. ಸುಣ್ಣ ಹವಳದ್ದು. ಒಳಗೆ ಕೆಂಪಿರುವ ಉಗಮ್ ಜಾತಿಯ ಅಡಿಕೆಗೆ ಬೆಲೆ ಹೆಚ್ಚು, ಬಿಳಿಯದು ಚಾಂಗ್ನಾ, ಅದನ್ನು ಕೀಳೆಂದು ಕಾಣುತ್ತಾರೆ. ಅಡಿಕೆ ಬೆಳೆಗಾರರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಲಾಟೆ ಕಾಲದ ಸಮಾಧಿಗಳಲ್ಲಿ ಅಡಿಕೆಯ ಕೆಂಪು ಹಿಡಿದ ಹಲ್ಲುಗಳು ಸಿಕ್ಕಿವೆ, ಕೆಲವು ಹಲ್ಲುಗಳ ಮೇಲೆ ಅಡ್ಡಗೀಟುಗಳ ಕೆತ್ತನೆಯೂ ಇದೆ. ಬಂದವರಿಗೆ ತಟ್ಟೆ ಮುಂದಿಡುವ ಮರ್ಯಾದೆ ಈಗಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು, ಬಾಯಿಯ ಕ್ಯಾನ್ಸರ್ ಅಲ್ಲೂ ನಿಜವಾದ ಸಂಕಟ.

ಯುದ್ಧ ಹೇಗೆ ಮಾಡುತ್ತಿದ್ದರು?

ಬಿಲ್ಲುಬಾಣ ಇರಲಿಲ್ಲ. ಕವಣೆ ಮತ್ತು ಈಟಿ. ಕವಣೆಕಲ್ಲು ಎರಡೂ ತುದಿ ಚೂಪಾದ ಅಂಡಾಕಾರ. ಇಂದಿನ ಗ್ವಾಮ್ ಮುದ್ರೆಯ ಹೊರ ಆಕಾರವೇ ಅದು. ಈಟಿಯ ಮೊನೆಗೆ ಮನುಷ್ಯರ ಕಾಲಿನ ಎಲುಬು. ಒಳಗೆ ಮುರಿದುಕೊಂಡರೆ ಗಾಯ ಕೀತು ಸಾಯುತ್ತಿದ್ದರು. ಊರೂರುಗಳ ನಡುವಿನ ಜಗಳ ಸಾಮಾನ್ಯವಾಗಿ ಒಂದಿಬ್ಬರು ಬಿದ್ದೊಡನೆ ಮುಗಿಯುತ್ತಿತ್ತು. ಸೋತವರು ಆಮೆಚಿಪ್ಪು ಕಳಿಸಿ ಒಪ್ಪಿಕೊಳ್ಳುತ್ತಿದ್ದರು. ಊರನ್ನೇ ಸುಟ್ಟು ಬೆನ್ನಟ್ಟುವ ಯುದ್ಧ ಅವರಿಗೆ ಹೊಸದು.

ಸತ್ತವರನ್ನು ಏನು ಮಾಡುತ್ತಿದ್ದರು?

ಮನೆಯಿಂದ ದೂರ ಮಾಡುತ್ತಿರಲಿಲ್ಲ. ಲಾಟೆ ಮನೆಯ ಕೆಳಗೆ, ಪಕ್ಕದಲ್ಲಿ ಹೂಳುತ್ತಿದ್ದರು. ಕೆಲಕಾಲದ ಮೇಲೆ ತಲೆಬುರುಡೆ ತೆಗೆದು ಮನೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಮಕಾಹ್ನ ಎಂಬವರು ಆ ಬುರುಡೆಗಳ ಮೂಲಕ ಪೂರ್ವಿಕರ ಆತ್ಮಗಳಾದ ಅನಿತಿಗಳನ್ನು ಕರೆದು ಮೀನು, ಮಳೆ, ಗೆಲುವು ಬೇಡುತ್ತಿದ್ದರು. ಹಾಗಾಗಿ ಪಾದ್ರಿಗಳು ಬುರುಡೆಗಳನ್ನು ಒಡೆದಾಗ ಜನರ ಕಣ್ಣಲ್ಲಿ ಅದು ವಿಗ್ರಹ ಒಡೆದದ್ದಲ್ಲ, ಅಜ್ಜಅಜ್ಜಿಯರ ಮೇಲೆ ಕೈಮಾಡಿದ್ದು.

‘ಕಳ್ಳರ ದ್ವೀಪಗಳು’ ಎಂಬ ಹೆಸರು ಏಕೆ ಬಂತು?

1521ರ ಮಾರ್ಚ್ 6ರಂದು, ಸ್ಪೇನಿನ ಪರವಾಗಿ ಯಾನ ಹೊರಟಿದ್ದ ನಾವಿಕ ಮೆಗಲನ್‌ನ ಹಸಿದ ಹಡಗುಗಳು ಇಲ್ಲಿ ತಲುಪಿದವು. ದ್ವೀಪದವರು ಹಡಗೇರಿ ಕೈಗೆ ಸಿಕ್ಕಿದ್ದನ್ನು, ಕೊನೆಗೆ ಒಂದು ಪುಟ್ಟ ದೋಣಿಯನ್ನು ಒಯ್ದರು. ಮೆಗಲನ್ ನಲವತ್ತು ಮಂದಿಯೊಡನೆ ಇಳಿದು ನಲವತ್ತೈವತ್ತು ಮನೆ, ಅನೇಕ ದೋಣಿಗಳನ್ನು ಸುಟ್ಟು, ಏಳು ಜನರನ್ನು ಕೊಂದು, ಕಳ್ಳರ ದ್ವೀಪ ಎಂದು ಹೆಸರಿಟ್ಟ. ಬಂದ ಹಡಗಿಗೆ ಆಹಾರ ಕೊಡುವುದು, ಬದಲಿಗೆ ಬೇಕಾದ್ದನ್ನು ಪಡೆಯುವುದು ದ್ವೀಪದವರ ರೂಢಿ. ಕೊಡುಕೊಳ್ಳುವ ಆ ರೂಢಿ ತಿಳಿಯದವನು ಇಟ್ಟ ಹೆಸರನ್ನು ಒಂದೂವರೆ ಶತಮಾನ ನಕ್ಷೆಗಳು ಹೊತ್ತವು. 1668ರಲ್ಲಿ ಸ್ಪೇನಿನ ರಾಣಿ ಮರಿಯಾನಾಳ ಹೆಸರು ಬಂತು.

ಆ ಸಮಾಜ ಹೇಗೆ ಮುರಿಯಿತು?

1668ರಲ್ಲಿ ಜೆಸ್ವಿಟ್ ಪಾದ್ರಿ ಸಾನ್ ವಿತೊರೆಸ್ ಬಂದಾಗ ಗ್ವಾಮ್‌ನ ಹಗಾಟ್ನ್ಯ ಊರಿನ ಮಗಲಾಹಿ ಕೆಪುಹಾ ಚರ್ಚಿಗೆ ಜಾಗ ಕೊಟ್ಟು ಬರಮಾಡಿಕೊಂಡಿದ್ದ. ಬುರುಡೆ, ಉರಿತಾವ್ ಮನೆಗಳ ಮೇಲೆ ಕೈಹಾಕಿದಂತೆ ವೈರ ಬೆಳೆಯಿತು. 1672ರ ಏಪ್ರಿಲ್ 2ರಂದು, ತನ್ನ ಇಚ್ಛೆಗೆ ವಿರುದ್ಧವಾಗಿ ಮಗಳಿಗೆ ಜ್ಞಾನಸ್ನಾನ ಮಾಡಿಸಿದ್ದಕ್ಕೆ ಮತಾಪಾಂಗ್ ಎಂಬ ನಾಯಕ ಗ್ವಾಮ್‌ನ ಟುಮೊನ್‌ನಲ್ಲಿ ಸಾನ್ ವಿತೊರೆಸ್‌ನನ್ನು ಕೊಂದ. ಆಮೇಲೆ ಸೈನ್ಯ ಬಂತು. ಬಿಟ್ಟುಬಿಟ್ಟು ನಡೆದ ಯುದ್ಧ ಕೊನೆಗೊಂಡದ್ದು 1695ರಲ್ಲಿ, ಟಿನಿಯನ್ ಪಕ್ಕದ ಕಡಿದಾದ ಅಗ್ವಿಗನ್ ದ್ವೀಪದಲ್ಲಿ.

ಆದರೆ ಗುಂಡಿಗಿಂತ ಹೆಚ್ಚು ಕೊಂದದ್ದು ರೋಗ ಮತ್ತು ಸ್ಥಳಾಂತರ. ಉತ್ತರದ ದ್ವೀಪಗಳವರನ್ನು ಎಬ್ಬಿಸಿ ಗ್ವಾಮ್‌ಗೆ ತಂದು ಚರ್ಚಿನ ಸುತ್ತಲ ಊರುಗಳಲ್ಲಿ ತುಂಬಿದರು. ಒತ್ತಾಗಿ ಇದ್ದಲ್ಲಿ ಹೊಸ ರೋಗ ಬೇಗ ಹರಡಿತು. ಅಂತರದ್ವೀಪ ಪಯಣ ನಿಂತು ದೋಣಿ ವಿದ್ಯೆ ಅಳಿಯಿತು. 1710ರ ಹೊತ್ತಿಗೆ ಉಳಿದವರು ನಾಲ್ಕು ಸಾವಿರಕ್ಕಿಂತ ಕಡಿಮೆ. 1856ರ ಸಿಡುಬು ಗ್ವಾಮ್‌ನ ಸುಮಾರು ಅರ್ಧದಷ್ಟು ಜನರನ್ನು ಒಯ್ದಿತು. ಗ್ವಾಮ್ ಬಿಟ್ಟರೆ ರೋಟಾದಲ್ಲಿ ಮಾತ್ರ ಒಂದಿಷ್ಟು ಜನ ಸ್ಥಳಾಂತರವಾಗದೆ ತಮ್ಮ ನೆಲದಲ್ಲೇ ಉಳಿದರು.

ಅಂದರೆ ಈಗ ಏನೂ ಉಳಿದಿಲ್ಲವೇ?

‘ಶುದ್ಧ ಚಮೊರೊಗಳು ಅಳಿದುಹೋದರು’ ಎಂದು ಬರೆಯುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಕಂಡದ್ದನ್ನೆಲ್ಲ ಸುಟ್ಟರು: ದೋಣಿ, ಉರಿತಾವ್ ಮನೆ, ಬುರುಡೆ. ಕೈಗೆ ಸಿಗದೆ ಉಳಿದದ್ದು ಹೆಂಗಸರ ಬಳಿಯಿದ್ದ ಲೆಕ್ಕ. ಹೊರಗಿನ ಸೈನಿಕರನ್ನು, ಫಿಲಿಪ್ಪೀನ್ಸ್ ಮತ್ತು ಮೆಕ್ಸಿಕೊದವರನ್ನು ಮದುವೆಯಾದ ಮನೆಗಳಲ್ಲೂ ಮಕ್ಕಳು ಕಲಿತದ್ದು ತಾಯಿಯ ನುಡಿ, ತಾಯಿಯ ಬಳಗದ ಕಟ್ಟಳೆ. ಮಾತಿನಲ್ಲಿ ಸ್ಪ್ಯಾನಿಷ್ ಪದ ತುಂಬಿದರೂ ವ್ಯಾಕರಣ ಹಳೆಯದೇ ಉಳಿಯಿತು.

ಆ ಲೆಕ್ಕದ ಹೆಸರು ಚೆಂಚುಲೆ, ನಮ್ಮ ಮುಯ್ಯಿಯೇ. ಮದುವೆಗೋ ಊರಹಬ್ಬಕ್ಕೋ ಬಂದವರು ಹಣ, ಅಕ್ಕಿಮೂಟೆ, ಹಂದಿ, ಇಲ್ಲವೇ ಎರಡು ದಿನದ ಅಡುಗೆಕೆಲಸ ಕೊಡುತ್ತಾರೆ. ಮನೆಯ ಹಿರಿಯ ಹೆಂಗಸು ಅಥವಾ ಮಗಳು ಪುಸ್ತಕದಲ್ಲಿ ಬರೆದಿಡುತ್ತಾಳೆ. ಕೊಟ್ಟವರ ಮನೆಯಲ್ಲಿ ಕಾರ್ಯ ಬಂದಾಗ ಅಷ್ಟನ್ನೋ ತುಸು ಹೆಚ್ಚನ್ನೋ ಹಿಂದಿರುಗಿಸಬೇಕು. ಅಮ್ಮನ ಬಾಕಿ ಮಕ್ಕಳ ಮೇಲೆ ಬರುತ್ತದೆ. ಸಾವಿನ ಮನೆಗೆ ಕೊಡುವುದಕ್ಕೆ ಬೇರೆ ಹೆಸರು, ಇಕಾ. ನಿಮ್ಮನ್ನು ಕರೆದರೆ ಲಕೋಟೆಯ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ. ಹೆಸರಿಲ್ಲದ ಲಕೋಟೆಯನ್ನು ಯಾರ ಲೆಕ್ಕಕ್ಕೂ ಹಾಕಲಾಗದೆ ಮನೆಯವರು ಪೇಚಾಡುತ್ತಾರೆ. ಹೀಗೆ ಒಬ್ಬರಿಗೊಬ್ಬರು ಆಗುತ್ತ ಸಾಮರಸ್ಯ ಕಾಯುವುದನ್ನು ಇನಾಫಾಮಾಓಲೆಕ್ ಎನ್ನುತ್ತಾರೆ.

ಸಾವಾದಾಗ ಒಂಬತ್ತು ರಾತ್ರಿ ಎಲ್ಲರೂ ಸೇರಿ ಜಪಮಾಲೆ ಪ್ರಾರ್ಥನೆ, ಆಮೇಲೆ ಮನೆಯವರಷ್ಟೇ ಮತ್ತೆ ಒಂಬತ್ತು ರಾತ್ರಿ. ಪ್ರಾರ್ಥನೆ ಕ್ರೈಸ್ತರದು, ಬಳಗ ಬಂದು ದುಡಿಯುವ ಕ್ರಮ ಹಳೆಯದು.

ಹಿರಿಯರಿಗೆ ನಮಸ್ಕಾರ ಮಾಡುವುದು ಹೇಗೆ?

ಹಿರಿಯರ ಬಲಗೈಯನ್ನು ಹಿಡಿದು, ಬಾಗಿ, ಬೆರಳ ಗೆಣ್ಣುಗಳಿಗೆ ಮೂಗು ತಾಗಿಸಬೇಕು. ಗಂಡಸರಾದರೆ ‘ನ್ಯೋತ್’, ಹೆಂಗಸರಾದರೆ ‘ನ್ಯೋರಾ’ ಎನ್ನಬೇಕು. ಅವರು ‘ದಿಯೊಸ್ತೆ ಅಯುದಿ’, ದೇವರು ನಿನಗೆ ನೆರವಾಗಲಿ ಎಂದು ಹರಸುತ್ತಾರೆ. ಇದಕ್ಕೆ ಮಂಗಿಂಗಿ ಎನ್ನುತ್ತಾರೆ. ಕೋಣೆಗೆ ಹೋದಾಗ ಎಲ್ಲರಿಗಿಂತ ಹಿರಿಯರಿಂದ ಶುರುಮಾಡಿ, ನಡುವೆ ಯಾರನ್ನೂ ಬಿಡಬೇಡಿ.

ಲಾಟೆ ಜಾಗಗಳಿಗೆ ಹೋಗಬಹುದೇ?

ಹಗಾಟ್ನ್ಯ ಪಟ್ಟಣದ ಲಾಟೆ ಉದ್ಯಾನದಲ್ಲಿ ಎಂಟು ಕಂಬಗಳಿವೆ. ಸುಲಭವಾಗಿ ನೋಡಬಹುದಾದ ಜಾಗ ಇದೇ. ಆದರೆ ಅವು ಅಲ್ಲಿನವಲ್ಲ, ಒಳನಾಡಿನ ಮೆಪು ಎಂಬಲ್ಲಿಂದ 1950ರ ದಶಕದಲ್ಲಿ ತಂದು ನಿಲ್ಲಿಸಿದವು. ಮೆಪು ಈಗ ಅಮೆರಿಕದ ನೌಕಾಪಡೆಯ ಮದ್ದುಗುಂಡು ದಾಸ್ತಾನಿನ ಬೇಲಿಯೊಳಗಿದೆ, ಅಲ್ಲಿನ ಮೂಲದವರೂ ಅನುಮತಿ ಇಲ್ಲದೆ ಹೋಗುವಂತಿಲ್ಲ. ಟಗಾ ಮನೆ ಮತ್ತು ಆಸ್ ನಿಯೆವೆಸ್ ಎರಡೂ ತೆರೆದಿವೆ.

ಕಾಡಿನ ಜಾಗಗಳಿಗೆ ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಹೋಗಬೇಡಿ. ಒಳಗೆ ಕಾಲಿಡುವ ಮುನ್ನ ಚಮೊರೊಗಳು ‘ಗ್ವೆಲಾ ಯಾನ್ ಗ್ವೆಲೊ’, ಅಂದರೆ ಅಜ್ಜಿ, ಅಜ್ಜ ಎಂದು ಕರೆದು ಅಪ್ಪಣೆ ಕೇಳುತ್ತಾರೆ. ತಾಓತಾಓಮೊನಾ, ಹಿಂದಿನ ಕಾಲದ ಆ ಜನ, ಲಾಟೆ ಮತ್ತು ಆಲದ ಮರಗಳ ಬಳಿ ಈಗಲೂ ಇದ್ದಾರೆಂಬುದು ನಂಬಿಕೆ. ಕೇಳದೆ ಹೋದವರಿಗೆ ಮೈಮೇಲೆ ಚಿವುಟಿದ ಗುರುತು, ಬಾವು ಬಂದರೆ ಸುರುಹಾನಾ ಎಂಬ ಮದ್ದು ಬಲ್ಲ ಹೆಂಗಸಿನ ಬಳಿ ಕರೆದೊಯ್ಯುತ್ತಾರೆ. ನೀವೂ ಕೇಳಿ. ಕಂಬಕ್ಕೆ ಒರಗಬೇಡಿ, ಅದರ ಬುಡ ಆಳವಿಲ್ಲ. ಬಿದ್ದ ತಾಸಾದ ಮೇಲೆ ಕೂರಬೇಡಿ, ಕೆಳಗೆ ಸಮಾಧಿ ಇರುವುದೇ ಹೆಚ್ಚು. ಮಡಕೆ ಚೂರು, ಕವಣೆಕಲ್ಲು ಕಂಡರೆ ಎತ್ತಬೇಡಿ. ಒಯ್ಯುವುದು ಕಾನೂನಿನಲ್ಲಿ ಅಪರಾಧ. ಅಲ್ಲದೆ ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತೆಂಬುದು ಒಮ್ಮೆ ತಪ್ಪಿದರೆ ಆ ಚೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.